ಕ್ವಿಯರ್ ಪ್ರೇಮ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಹೆಣ್ಣುಮಕ್ಕಳೋ ಇಬ್ಬರು ಗಂಡಸರೋ ಪರಸ್ಪರ ಪ್ರೀತಿಸಿ, ಕೊನೆಗೂ ಜೊತೆಯಾಗಿ ಬದುಕುವ ಕಾದಂಬರಿಯನ್ನು ಯಾರ ಕೈಗಿತ್ತರೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಪುಸ್ತಕದ ಮಾತುಕತೆಗಳಲ್ಲಿ ಮತ್ತು ಓದುಗರ ಪತ್ರಗಳಲ್ಲಿ ಹೀಗೆ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಹೊಸದಾಗಿ ಓದಲು ತೊಡಗಿದವರಿಗೆ

ಕ್ವಿಯರ್ ಪ್ರೇಮ ಕಾದಂಬರಿ ಅಂದರೆ ಏನು? ಸಲಿಂಗ ಪ್ರೇಮದ ಪ್ರಸಂಗ ಇದ್ದರೆ ಸಾಕೇ?

ಸಾಲದು. ಗಂಡು-ಹೆಣ್ಣಿನ ಪ್ರೇಮವೊಂದೇ ಸಹಜವೆಂದು ಎಣಿಸುವ ಚೌಕಟ್ಟಿನ ಹೊರಗೆ ಬದುಕುವ ಸಲಿಂಗಿಗಳು, ಗಂಡು-ಹೆಣ್ಣು ಇಬ್ಬರತ್ತಲೂ ಮನಸೋಲುವ ದ್ವಿಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು, ಲೈಂಗಿಕ ಆಕರ್ಷಣೆಯೇ ಇಲ್ಲದವರು ಇವರೆಲ್ಲರನ್ನೂ ಒಟ್ಟಾಗಿ ಕ್ವಿಯರ್ ಎನ್ನುವುದು ಈಗ ರೂಢಿಯಾಗಿದೆ. ಇಂಥವರ ಬದುಕನ್ನು ಕುರಿತ ಎಲ್ಲ ಕಾದಂಬರಿಗಳೂ ಪ್ರೇಮ ಕಾದಂಬರಿಗಳಲ್ಲ. ಅಮೆರಿಕದ ರೊಮಾನ್ಸ್ ಲೇಖಕರ ಸಂಘವು ಈ ಪ್ರಕಾರಕ್ಕೆ ಬಹುಕಾಲದಿಂದ ಎರಡೇ ಲಕ್ಷಣಗಳನ್ನು ಹೇಳುತ್ತ ಬಂದಿದೆ: ಪ್ರೇಮವೇ ಕಥೆಯ ಕೇಂದ್ರವಾಗಿರಬೇಕು, ಮತ್ತು ಕೊನೆ ಮನಸ್ಸಿಗೆ ತೃಪ್ತಿ ಕೊಡುವಂತೆ, ಭರವಸೆ ಮೂಡಿಸುವಂತೆ ಇರಬೇಕು. ಕ್ವಿಯರ್ ಪ್ರೇಮ ಕಾದಂಬರಿಗೂ ಇದೇ ಅಳತೆ. ನಾಯಕಿಯ ಗೆಳೆಯನೊಬ್ಬ ಸಲಿಂಗಿಯಾಗಿದ್ದು ಅಲ್ಲೊಂದು ಇಲ್ಲೊಂದು ಮಾತಾಡಿ ಮರೆಯಾದರೆ ಆ ಪುಸ್ತಕ ಈ ಸಾಲಿಗೆ ಸೇರುವುದಿಲ್ಲ.

ಕೊನೆಯಲ್ಲಿ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಿದ್ದ ಮೇಲೆ ಓದುವುದು ಯಾಕೆ?

ಈ ಪ್ರಶ್ನೆಗೆ ಸ್ವಲ್ಪ ಇತಿಹಾಸವನ್ನು ಹೇಳಿಯೇ ಉತ್ತರಿಸಬೇಕು, ಏಕೆಂದರೆ ಇಂತಹ ಪ್ರೇಮಕಥೆಗಳಿಗೆ ಸುಖಾಂತ್ಯವು ಬಹುಕಾಲ ನಿಷಿದ್ಧವಾಗಿತ್ತು.

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಇಬ್ಬರು ಗಂಡಸರ ಪ್ರೇಮವನ್ನು ಕುರಿತ ‘ಮಾರಿಸ್’ ಕಾದಂಬರಿಯ ಮೊದಲ ಕರಡನ್ನು 1913–14ರಲ್ಲಿಯೇ ಬರೆದು ಮುಗಿಸಿದ್ದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮರುವರ್ಷ, 1971ರಲ್ಲಿ. ಅದಕ್ಕೆ ಅವರು ಬರೆದ ಹಿನ್ನುಡಿಯಲ್ಲಿ ಸುಖಾಂತ್ಯ ಬೇಕೇ ಬೇಕಿತ್ತು ಎಂದು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ. ದುರಂತದಲ್ಲಿ ಮುಗಿಸಿದ್ದರೆ ಪ್ರಕಟಣೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಗಂಡಸರ ನಡುವಿನ ಸಂಬಂಧ ಇಂಗ್ಲೆಂಡಿನಲ್ಲಿ 1967ರವರೆಗೂ ಅಪರಾಧವೇ ಆಗಿದ್ದರಿಂದ, ಅಪರಾಧಿಗಳೆನಿಸಿಕೊಂಡವರು ಶಿಕ್ಷೆಯಿಲ್ಲದೆ ನೆಮ್ಮದಿಯಾಗಿ ಬಾಳುವ ಕಥೆಯನ್ನು ಅಚ್ಚು ಹಾಕಿಸುವುದು ಸುಲಭದ ಮಾತಾಗಿರಲಿಲ್ಲ.

ಅಮೆರಿಕದ ಕಥೆಯೂ ಹೆಚ್ಚು ಬೇರೆಯಲ್ಲ. ಇಬ್ಬರು ವಿದ್ಯಾರ್ಥಿನಿಯರ ಪ್ರೇಮವನ್ನು ಕುರಿತ ‘ಸ್ಪ್ರಿಂಗ್ ಫೈರ್’ ಎಂಬ ಅಗ್ಗದ ಬೆಲೆಯ ಕಾದಂಬರಿ 1952ರಲ್ಲಿ ಹೊರಬಂದಾಗ, ಕಥೆ ಸುಖವಾಗಿ ಮುಗಿದರೆ ಅಂಚೆ ಇಲಾಖೆ ಪುಸ್ತಕವನ್ನು ತಡೆಹಿಡಿಯಬಹುದು ಎಂಬ ಕಾರಣಕ್ಕೆ ಸಂಪಾದಕರೇ ದುಃಖಾಂತ್ಯವನ್ನು ಬರೆಸಿದರು ಎಂದು ಅದರ ಲೇಖಕಿ ಮಾರಿಜೇನ್ ಮೀಕರ್ ಮುಂದೆ ಹೇಳಿದ್ದಾರೆ. ಅದೇ ವರ್ಷ ಪೆಟ್ರಿಷಿಯಾ ಹೈಸ್ಮಿತ್ ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ ‘ದ ಪ್ರೈಸ್ ಆಫ್ ಸಾಲ್ಟ್’ ಈ ಕಟ್ಟಳೆಯನ್ನು ಮುರಿಯಿತು. ಅದರ ಇಬ್ಬರು ಹೆಂಗಸರಲ್ಲಿ ಒಬ್ಬಳು ಮಗಳನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕನ್ನು ಕಳೆದುಕೊಂಡರೂ ಕೊನೆಯ ಪುಟದಲ್ಲಿ ಇಬ್ಬರಿಗೂ ಒಂದು ನಾಳೆ ಉಳಿಯುತ್ತದೆ. ತಮ್ಮಂಥವರಿಗೂ ಹೀಗೊಂದು ಕೊನೆ ಸಾಧ್ಯವೆಂದು ಕಂಡ ಓದುಗರು ಬರೆದ ರಾಶಿ ಪತ್ರಗಳನ್ನು ಲೇಖಕಿ ಹಲವು ದಶಕಗಳ ನಂತರವೂ ನೆನೆದಿದ್ದಾರೆ.

ಆದ್ದರಿಂದ ಕೊನೆ ಗೊತ್ತಿದ್ದೂ ಓದುವವರು ಕುತೂಹಲ ತಣಿಸಿಕೊಳ್ಳಲು ಓದುವುದಿಲ್ಲ. ಈ ಇಬ್ಬರು, ಇಂಥ ಮನೆಯಲ್ಲಿ ಹುಟ್ಟಿ, ಇಂಥ ಊರಿನಲ್ಲಿದ್ದುಕೊಂಡು, ಯಾವ ದಾರಿಯಿಂದ ಅಲ್ಲಿಗೆ ತಲುಪುತ್ತಾರೆ ಎಂಬುದೇ ಅವರ ಪ್ರಶ್ನೆ. ಸಿನಿಮಾದಲ್ಲಿ, ಕಥೆಯಲ್ಲಿ ತಮ್ಮಂಥವರು ಸಾಯುವುದನ್ನೇ ನೋಡುತ್ತ ಬೆಳೆದವರಿಗೆ ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದು ಅತ್ಯಂತ ಮುಖ್ಯವಾದ ಸಂಗತಿ.

ಇಂಥ ಪುಸ್ತಕಗಳಲ್ಲಿ ಬರೀ ಅದೇ ಇರುತ್ತದಂತೆ, ಹೌದೇ?

ಇಲ್ಲ. ಶೃಂಗಾರವನ್ನು ಬಿಚ್ಚಿ ಬರೆಯುವ ಪುಸ್ತಕಗಳೂ ಇವೆ, ಕೈ ಹಿಡಿಯುವುದರಾಚೆಗೆ ಹೋಗದ ಪುಸ್ತಕಗಳೂ ಇವೆ. ಗಂಡು-ಹೆಣ್ಣಿನ ಪ್ರೇಮಕಥೆಗಳಲ್ಲಿ ಎಷ್ಟು ಬಗೆಗಳಿವೆಯೋ ಇಲ್ಲಿಯೂ ಅಷ್ಟೇ ಬಗೆಗಳಿವೆ. ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿಗಳು ಮತ್ತು ಕಾಮಿಕ್ಸ್ ಬಗೆಯ ಚಿತ್ರಕಥೆಗಳು ಕಳೆದ ಹತ್ತು ವರ್ಷಗಳಲ್ಲಿ ಬಹಳ ಬಂದಿದ್ದು, ಅವುಗಳಲ್ಲಿ ಮುಕ್ಕಾಲು ಪಾಲು ಮಾತು ಶಾಲೆ, ಗೆಳೆಯರು ಮತ್ತು ಅಂಜಿಕೆಗಳನ್ನು ಕುರಿತದ್ದೇ ಆಗಿರುತ್ತದೆ.

ನಾನು ಆ ಸಮುದಾಯದವನಲ್ಲ. ನನಗೆ ಇದರಲ್ಲಿ ಏನಿದೆ?

ಒಂದು ಒಳ್ಳೆಯ ಪ್ರೇಮಕಥೆ ಇದೆ, ಮೊದಲನೆಯದಾಗಿ. ಅದರ ಜೊತೆಗೆ, ನಿಮ್ಮ ತರಗತಿಯಲ್ಲಿ, ಕಚೇರಿಯಲ್ಲಿ, ಬಹುಶಃ ನಿಮ್ಮ ಮನೆಯಲ್ಲಿಯೇ ಇರುವ ಯಾರೋ ಒಬ್ಬರು ‘ಮದುವೆ ಯಾವಾಗ?’ ಎಂಬ ಮಾತು ಬಂದೊಡನೆ ಎದ್ದು ಒಳಗೆ ಹೋಗುವುದೇಕೆ ಎಂಬುದು ಇಂತಹ ಕಾದಂಬರಿಯೊಂದನ್ನು ಓದಿದ ಮೇಲೆ ನಿಮಗೆ ಹೊಳೆಯಬಹುದು. ಪ್ರೀತಿಯನ್ನು ಯಾರ ಮುಂದೆಯೂ ಬಚ್ಚಿಡಬೇಕಾಗಿ ಬರದವರು, ಬಚ್ಚಿಡುತ್ತಲೇ ಬದುಕುವುದರ ದಣಿವನ್ನು ಇನ್ನು ಯಾವ ರೀತಿಯಲ್ಲಿ ತಿಳಿದಾರು?

## ಪ್ರೀತಿ, ಗೆಳೆತನ, ತನ್ನ ಅರಿವು

ಪ್ರೇಮಕಥೆ ಅಂತೀರಿ, ಆದರೆ ಅರ್ಧ ಪುಸ್ತಕ ಗೆಳೆಯರ ಗುಂಪೇ ತುಂಬಿಕೊಂಡಿರುತ್ತದೆ. ಯಾಕೆ?

ಸಾಮಾನ್ಯ ಪ್ರೇಮಕಥೆಯಲ್ಲಿ ಅಕ್ಕ, ಅತ್ತಿಗೆ, ಸೋದರಮಾವ ಮಾಡುವ ಕೆಲಸವನ್ನು ಇಲ್ಲಿ ಗೆಳೆಯರು ಮಾಡಬೇಕಾಗುತ್ತದೆ. ಮನಸ್ಸಿನಲ್ಲಿರುವುದನ್ನು ಮೊದಲು ಕೇಳಿಸಿಕೊಳ್ಳುವವರು, ಜಗಳವಾಡಿಕೊಂಡ ಇಬ್ಬರನ್ನು ಮತ್ತೆ ಕೂರಿಸಿ ಮಾತಾಡಿಸುವವರು, ಮನೆಯಿಂದ ಹೊರಬಿದ್ದ ರಾತ್ರಿ ಹಾಸಿಗೆ ಹಾಸಿಕೊಡುವವರು, ಮುಂದೆ ಆ ಸಂಸಾರಕ್ಕೆ ಸಾಕ್ಷಿಯಾಗುವವರು ಎಲ್ಲರೂ ಅವರೇ. ಹುಟ್ಟಿದ ಮನೆ ಬಾಗಿಲು ಮುಚ್ಚಿದಾಗ ತಾವಾಗಿಯೇ ಕಟ್ಟಿಕೊಂಡ ಈ ಕುಟುಂಬವು ಕ್ವಿಯರ್ ಬದುಕಿನ ನಿಜವಾದ ಸಂಗತಿಯೇ ಆಗಿರುವುದರಿಂದ ಕಾದಂಬರಿಯೂ ಅದಕ್ಕೆ ಜಾಗ ಕೊಡುತ್ತದೆ.

ನಮ್ಮಲ್ಲಿಯೂ ಇದು ಹೊಸತಲ್ಲ. ಕರ್ನಾಟಕದ ಹಿಜ್ರಾ ಸಮುದಾಯದಲ್ಲಿ ಗುರುವನ್ನು ತಾಯಿಯ ಸ್ಥಾನದಲ್ಲಿಟ್ಟು, ಚೇಲಾಗಳನ್ನು ಮಕ್ಕಳಾಗಿ, ಮೊಮ್ಮಕ್ಕಳಾಗಿ ಎಣಿಸುವ ನಂಟಿನ ವ್ಯವಸ್ಥೆ ತಲೆಮಾರುಗಳಿಂದ ಇದೆ. ಸವದತ್ತಿ ಎಲ್ಲಮ್ಮನ ಪರಂಪರೆಯ ಜೋಗಪ್ಪಗಳೂ ಜೊತೆಯಾಗಿ ಹಾಡುತ್ತ, ಕುಣಿಯುತ್ತ, ಪರಸ್ಪರರ ಆಸರೆಯಲ್ಲಿ ಬದುಕಿದವರು. ನಗರದ ಕಡೆ ನೋಡಿದರೆ, ಬೆಂಗಳೂರಿನಲ್ಲಿ 1994ರಷ್ಟು ಹಿಂದೆಯೇ ‘ಗುಡ್ ಆ್ಯಸ್ ಯೂ’ ಎಂಬ ಬಳಗ ಹುಟ್ಟಿಕೊಂಡಿತು. ಕಾನೂನು ತಮ್ಮನ್ನು ಅಪರಾಧಿಗಳೆಂದು ಕರೆಯುತ್ತಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಒಂದೆಡೆ ಕುಳಿತು ಮಾತಾಡುವುದಷ್ಟೇ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದನ್ನು ಊಹಿಸಿಕೊಂಡರೆ, ಈ ಕಾದಂಬರಿಗಳಲ್ಲಿ ಗೆಳೆಯರ ಗುಂಪು ಏಕಿರುತ್ತದೆ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಗೆಳೆತನಕ್ಕೆ ಇನ್ನೊಂದು ಕೆಲಸವೂ ಇದೆ. ಹುಡುಗಿಯರಿಬ್ಬರು ಒಂದೇ ಕೋಣೆಯಲ್ಲಿ ಮಲಗಿದರೆ, ಹುಡುಗರಿಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ನಡೆದರೆ ನಮ್ಮ ಊರುಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದರಿಂದ ಪ್ರೇಮಕ್ಕೆ ಮರೆಯೂ ಸಿಗುತ್ತದೆ, ಗೊಂದಲವೂ ಹುಟ್ಟುತ್ತದೆ: ಅವಳ ಮನಸ್ಸಿನಲ್ಲಿರುವುದು ಸ್ನೇಹವೋ, ಅದಕ್ಕಿಂತ ಹೆಚ್ಚಿನದೋ? ಕೇಳಿಬಿಟ್ಟರೆ ಇರುವ ಸ್ನೇಹವೂ ಹೋದೀತಲ್ಲ ಎಂಬ ಭಯವೇ ಎಷ್ಟೋ ಕಾದಂಬರಿಗಳ ಮೊದಲ ನೂರು ಪುಟಗಳನ್ನು ನಡೆಸುತ್ತದೆ, ಮತ್ತು ಆ ಭಯವನ್ನು ಬರೆಯಲು ಕನ್ನಡದ ಹಾಸ್ಟೆಲುಗಳೂ ಅಜ್ಜಿಮನೆಯ ಅಟ್ಟಗಳೂ ಬಹಳ ಒಳ್ಳೆಯ ಜಾಗಗಳು.

ತನ್ನನ್ನು ತಾನು ಅರಿಯುವುದು ಅಂದರೆ ಮನೆಯಲ್ಲಿ ಹೇಳಿಬಿಡುವುದೇ?

ಹೇಳುವುದು ಅರಿವಿನ ಒಂದು ಭಾಗ ಮಾತ್ರ. ಪಶ್ಚಿಮದ ಅನೇಕ ಕಾದಂಬರಿಗಳಲ್ಲಿ ತಂದೆತಾಯಿಯ ಮುಂದೆ ಕುಳಿತು ಒಂದು ವಾಕ್ಯ ಹೇಳುವ ದೃಶ್ಯವೇ ಕಥೆಯ ಶಿಖರವಾಗಿರುತ್ತದೆ. ನಮ್ಮ ಮನೆಗಳಲ್ಲಿ ಅದು ಒಂದು ದಿನದ ಕೆಲಸವಲ್ಲ. ತಂಗಿಗೆ ಗೊತ್ತಿರುತ್ತದೆ, ಅಪ್ಪನಿಗೆ ಗೊತ್ತಿರುವುದಿಲ್ಲ. ಅಮ್ಮನಿಗೆ ಗೊತ್ತಿದ್ದೂ ಆಕೆ ಬಾಯಿಬಿಟ್ಟು ಕೇಳುವುದಿಲ್ಲ. ಹೆಣ್ಣು ನೋಡಲು ಹೊರಡುವ ಹೊತ್ತಿಗೆ ಎಲ್ಲವೂ ಒಮ್ಮೆಲೇ ಮೇಲೆ ಬರುತ್ತದೆ. ಹೇಳದೆಯೇ ಉಳಿದವರ ಅರಿವು ಕಡಿಮೆಯದೇನೂ ಅಲ್ಲ.

ಅರಿವಿಗೆ ವಯಸ್ಸಿನ ಮಿತಿಯೂ ಇಲ್ಲ. ನಲವತ್ತು ದಾಟಿ, ಮಕ್ಕಳನ್ನು ಓದಿಸಿದ ಮೇಲೆ ತನ್ನ ಮನಸ್ಸು ಯಾವ ಕಡೆಗೆ ಹರಿಯುತ್ತದೆಂದು ತಿಳಿದುಕೊಳ್ಳುವ ಹೆಂಗಸಿನ ಕಥೆ ಹದಿನೆಂಟರ ಹುಡುಗನ ಕಥೆಯಷ್ಟೇ ನಿಜವಾದದ್ದು. ನನಗೆ ಅಂತಹ ಕಥೆಗಳ ಮೇಲೆ ಹೆಚ್ಚು ಒಲವಿದೆ, ಏಕೆಂದರೆ ಅಲ್ಲಿ ಪ್ರೇಮಕ್ಕೆ ಎದುರಾಗಿ ನಿಲ್ಲುವುದು ದುಷ್ಟರಲ್ಲ. ಆಕೆ ಇಷ್ಟು ವರ್ಷ ನಿಷ್ಠೆಯಿಂದ ನಡೆಸಿಕೊಂಡು ಬಂದ ಇನ್ನೊಂದು ಬದುಕು.

ದ್ವಿಲಿಂಗಿ ಹುಡುಗಿ ಕೊನೆಗೆ ಗಂಡಸನ್ನೇ ಮದುವೆಯಾದರೆ ಅದು ಕ್ವಿಯರ್ ಕಥೆಯಾಗಿ ಉಳಿಯುತ್ತದೆಯೇ?

ಉಳಿಯುತ್ತದೆ. ಯಾರ ಕೈ ಹಿಡಿದಳೆಂಬುದರಿಂದ ಆಕೆಯ ಒಳಗಿನ ಸ್ವಭಾವ ಅಳಿಸಿಹೋಗುವುದಿಲ್ಲ. ಲೇಖಕರೇ ಅದನ್ನು ಮರೆತು, ಆಕೆಯ ಹಿಂದಿನ ಪ್ರೇಮವನ್ನು ಹುಡುಗಾಟವೆಂಬಂತೆ ಬದಿಗೆ ಸರಿಸಿದರೆ ಮಾತ್ರ ಓದುಗರು ಆಕ್ಷೇಪಿಸಬೇಕು.

ವೈವಿಧ್ಯ ಇರಬೇಕು ಅಂದರೆ ಎಲ್ಲ ಬಗೆಯವರನ್ನೂ ಒಬ್ಬೊಬ್ಬರಂತೆ ಸೇರಿಸಬೇಕೇ?

ಹಾಗೆ ಸೇರಿಸಿದ ಪುಸ್ತಕ ಹಾಜರಿ ಪಟ್ಟಿಯಂತೆ ಕಾಣುತ್ತದೆ. ವೈವಿಧ್ಯವು ಪಾತ್ರಗಳ ಸಂಖ್ಯೆಯಲ್ಲಿ ಇಲ್ಲ, ಬದುಕಿನ ಕಟ್ಟುಪಾಡುಗಳು ಪ್ರೇಮದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡುವುದರಲ್ಲಿದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಇಬ್ಬರು ಗಂಡಸರು ‘ಗೆಳೆಯರು’ ಎಂದು ಹೇಳಿಕೊಂಡು ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿಯಬಲ್ಲರು. ಅದೇ ಊರಿನಲ್ಲಿ ಟ್ರಾನ್ಸ್ ಮಹಿಳೆಯೊಬ್ಬಳು ಮನೆ ಕೇಳಲು ಹೋದರೆ ಗೇಟಿನ ಬಳಿಯೇ ಮಾತು ಮುಗಿಯಬಹುದು. ಇಬ್ಬರೂ ಒಂದೇ ಲಿಂಗದವರಾಗಿರುವಲ್ಲಿಯೂ ಜಾತಿ ಸುಮ್ಮನೆ ಕೂರುವುದಿಲ್ಲ. ಮಗ ಗಂಡಸನ್ನು ಪ್ರೀತಿಸಿದ್ದನ್ನು ಹೇಗೋ ನುಂಗಿಕೊಂಡ ತಾಯಿ ಮರುಕ್ಷಣವೇ ‘ಯಾವ ಜನ?’ ಎಂದು ಕೇಳುವುದನ್ನು ಯಾವ ಕನ್ನಡ ಓದುಗರೂ ನಂಬುತ್ತಾರೆ. ಇಂತಹ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಹಿಂಬಾಲಿಸಿದ ಕಾದಂಬರಿ, ಹತ್ತು ಗುರುತುಗಳನ್ನು ಹೆಸರಿಸಿ ಬಿಟ್ಟ ಕಾದಂಬರಿಗಿಂತ ಹೆಚ್ಚು ವೈವಿಧ್ಯವುಳ್ಳದ್ದು.

## ನಮ್ಮ ನೆಲ, ನಮ್ಮ ಕಾನೂನು

ಕನ್ನಡದಲ್ಲಿ ಇಂಥದ್ದು ಏನಿದೆ?

ಮೊದಲು ಹೆಸರಿಸಬೇಕಾದದ್ದು 2013ರಲ್ಲಿ ಬಂದ ವಸುಧೇಂದ್ರ ಅವರ ‘ಮೋಹನಸ್ವಾಮಿ’. ಅದು ಕಥಾಸಂಕಲನ, ಸಲಿಂಗಿ ಗಂಡಸೊಬ್ಬನ ಆಸೆ, ಅವಮಾನ, ಒಂಟಿತನಗಳನ್ನು ಕನ್ನಡದ ಮಧ್ಯಮ ವರ್ಗದ ಮನೆಯೊಳಗೇ ನಿಲ್ಲಿಸಿ ಹೇಳಿದ ಪುಸ್ತಕ. ರಶ್ಮಿ ತೇರದಾಳ ಅವರು ಅದನ್ನು ಇಂಗ್ಲಿಷಿಗೆ ತಂದರು. ತಮಿಳಿನಲ್ಲಿ ತಮ್ಮ ಬದುಕನ್ನು ಬರೆದ ಟ್ರಾನ್ಸ್ ಮಹಿಳೆ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಮೂಲಕ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು ರಂಗವನ್ನೂ ಏರಿತು. ಪದ್ಮಶ್ರೀ ಪುರಸ್ಕೃತ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಅವರ ಬದುಕಿನ ಕಥನ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿನಲ್ಲಿದೆ.

ಇವೆಲ್ಲವೂ ಬಹಳ ದೊಡ್ಡ ಕೆಲಸಗಳು. ಆದರೆ ಇವು ಪ್ರೇಮ ಕಾದಂಬರಿಗಳಲ್ಲ, ಆಗಬೇಕಾಗಿಯೂ ಇರಲಿಲ್ಲ. ನೋವನ್ನು ಸಾಕ್ಷಿಯಂತೆ ಹೇಳುವ ಬರವಣಿಗೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಇಬ್ಬರು ಭೇಟಿಯಾಗಿ, ಮುನಿಸಿಕೊಂಡು, ಕೂಡಿ, ಬೆಳಗಿನ ಕಾಫಿಯನ್ನು ಯಾರು ಮಾಡಬೇಕೆಂದು ಜಗಳವಾಡುವಷ್ಟು ನೆಮ್ಮದಿಗೆ ತಲುಪುವ ಕಾದಂಬರಿಗೆ ಕನ್ನಡದಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ. ಜನಪ್ರಿಯ ಪ್ರೇಮ ಕಾದಂಬರಿಯನ್ನು ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ದಶಕಗಳ ಕಾಲ ಬೆಳೆಸಿದ ಭಾಷೆಗೆ ಇದು ಆಗದ ಕೆಲಸವೇನೂ ಅಲ್ಲ.

ಇದೆಲ್ಲ ಹೊರಗಿನಿಂದ ಬಂದದ್ದು, ನಮ್ಮ ಸಂಸ್ಕೃತಿಯಲ್ಲಿ ಇರಲಿಲ್ಲ ಅಲ್ಲವೇ?

ಹೊರಗಿನಿಂದ ಬಂದದ್ದು ಶಿಕ್ಷೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮು ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತೀಯ ದಂಡಸಂಹಿತೆಯ ಭಾಗವಾಗಿತ್ತು. ಅದಕ್ಕೂ ಶತಮಾನಗಳ ಹಿಂದೆ ಜೇಡರ ದಾಸಿಮಯ್ಯನು, ದೇಹದ ಗುರುತುಗಳನ್ನು ನೋಡಿ ಹೆಣ್ಣೆಂದೂ ಗಂಡೆಂದೂ ಹೇಳುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ವಚನದಲ್ಲಿ ಹೇಳಿದ್ದ. ಮಂಜಮ್ಮನವರ ಪುಸ್ತಕದ ಹೆಸರು ನೆನಪಿಸುವುದು ಆ ಸಾಲನ್ನೇ. ಹಾಗೆಂದು ದಾಸಿಮಯ್ಯನನ್ನು ಇಂದಿನ ಹೋರಾಟದ ವಕ್ತಾರನನ್ನಾಗಿ ಮಾಡುವುದೂ ಸರಿಯಲ್ಲ. ಅವನ ಪ್ರಶ್ನೆ ಅಧ್ಯಾತ್ಮದ್ದು. ಹೆಣ್ಣು-ಗಂಡಿನ ಗೆರೆ ಇಷ್ಟು ಬಿಗಿಯಾದದ್ದಲ್ಲ ಎಂದು ಯೋಚಿಸುವ ಶಕ್ತಿ ಈ ಭಾಷೆಗೆ ಮೊದಲಿನಿಂದಲೂ ಇತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಕಾನೂನು ಈಗ ಏನು ಹೇಳುತ್ತದೆ? ಕಾದಂಬರಿಯ ಕೊನೆಯಲ್ಲಿ ಮದುವೆ ಮಾಡಿಸಬಹುದೇ?

ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದೆಹಲಿ ಹೈಕೋರ್ಟ್ 2009ರ ಜುಲೈನಲ್ಲಿ ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೇ ಕಲಮಿನಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಅಪರಾಧದ ಹಣೆಪಟ್ಟಿಯನ್ನು ಕಿತ್ತುಹಾಕಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್‌ನಲ್ಲಿ. ಆದ್ದರಿಂದ 2010ರಲ್ಲಿ ಪ್ರೀತಿಸಲು ತೊಡಗಿದ ಜೋಡಿ ಮೂರೇ ವರ್ಷಗಳಲ್ಲಿ ಮತ್ತೆ ಅಪರಾಧಿಗಳಾಗುತ್ತಾರೆ. ಆ ಒಂದು ಡಿಸೆಂಬರ್ ದಿನದ ಸುತ್ತಲೇ ಇಡೀ ಕಾದಂಬರಿಯನ್ನು ಕಟ್ಟಬಹುದು.

ಮದುವೆಯ ವಿಷಯದಲ್ಲಿ, ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಆ ನಿರ್ಧಾರ ಸಂಸತ್ತಿಗೆ ಸೇರಿದ್ದು ಎಂದಿತು. ಆದರೆ ನೋಂದಣಿ ಕಚೇರಿ ಒಪ್ಪದಿದ್ದರೂ ಗೆಳೆಯರ ನಡುವೆ ಹಾರ ಬದಲಾಯಿಸಿಕೊಳ್ಳುವುದನ್ನು ಯಾರೂ ತಡೆಯಲಾರರು, ಕಾದಂಬರಿಯಲ್ಲಿಯೂ ಹೊರಗೂ. ಅಮೆರಿಕದಲ್ಲಿ 2015ರಿಂದ ಈ ಮದುವೆ ದೇಶದಾದ್ಯಂತ ಸಿಂಧು. ಹಾಗಾಗಿ ಅಲ್ಲಿ ಗಂಡ-ಗಂಡರೆನಿಸಿಕೊಂಡ ಕನ್ನಡಿಗರ ಜೋಡಿಯೊಂದು ಊರಿಗೆ ಬಂದಿಳಿದ ಕ್ಷಣ ಕಾನೂನಿನ ಕಣ್ಣಿಗೆ ಇಬ್ಬರು ಗೆಳೆಯರಾಗಿಬಿಡುತ್ತದೆ. ಸಣ್ಣ ಸಂಗತಿಗಳೂ ಕಥೆಗೆ ಒದಗುತ್ತವೆ: ಕ್ವಿಯರ್ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಪಾಸ್‌ಬುಕ್ಕಿನಲ್ಲಿ ಎರಡು ಹೆಸರು ಒಟ್ಟಿಗೆ ಅಚ್ಚಾಗಿ ಬರುವ ದೃಶ್ಯ ಮಾಂಗಲ್ಯ ಧಾರಣೆಗಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

## ಬರೆಯುವವರಿಗೆ, ಅನುವಾದಿಸುವವರಿಗೆ

ನಾನು ಕ್ವಿಯರ್ ಅಲ್ಲ. ಆದರೂ ಇಂಥ ಕಾದಂಬರಿ ಬರೆಯಬಹುದೇ?

ಬರೆಯಬಹುದು, ಸಿದ್ಧತೆಯಿಲ್ಲದೆ ಬರೆಯಬಾರದು. ಆಯಾ ಸಮುದಾಯದವರೇ ಬರೆದ ಪುಸ್ತಕಗಳನ್ನು ಗುರುತಿಸಲೆಂದು 2015ರಲ್ಲಿ ಇಂಗ್ಲಿಷ್ ಓದುಗರ ನಡುವೆ ‘ಓನ್ ವಾಯ್ಸಸ್’ ಎಂಬ ಹಣೆಪಟ್ಟಿ ಹುಟ್ಟಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಕಾಲಕ್ರಮದಲ್ಲಿ ಅದು ಲೇಖಕರ ಖಾಸಗಿ ಬದುಕಿನ ವಿಚಾರಣೆಯಾಗಿ ತಿರುಗಿ, ಹೊರಗೆ ಹೇಳಿಕೊಳ್ಳಲು ಇನ್ನೂ ಸಿದ್ಧರಿಲ್ಲದ ಲೇಖಕರು ಒತ್ತಡಕ್ಕೆ ಸಿಕ್ಕಿ ಹೇಳಿಕೊಳ್ಳಬೇಕಾಯಿತು. ಅದನ್ನು ಪ್ರಚಾರಕ್ಕೆ ತಂದ ಅಮೆರಿಕದ ಸಂಸ್ಥೆಯೇ 2021ರಲ್ಲಿ ಆ ಪದದ ಬಳಕೆಯನ್ನು ಕೈಬಿಟ್ಟಿತು. ‘ನೀವು ಯಾರು?’ ಎಂದು ಲೇಖಕರನ್ನು ಕೇಳುವುದಕ್ಕಿಂತ, ಬರೆದ ಹಸ್ತಪ್ರತಿಯನ್ನು ಆ ಬದುಕನ್ನು ಬಲ್ಲವರಿಗೆ ಕೊಟ್ಟು ಓದಿಸಿದಿರಾ, ಅವರು ತಪ್ಪೆಂದದ್ದನ್ನು ತಿದ್ದಿದಿರಾ, ಅವರ ಸಮಯಕ್ಕೆ ತಕ್ಕ ಗೌರವಧನ ಕೊಟ್ಟಿರಾ ಎಂದು ಕೇಳುವುದು ನ್ಯಾಯವಾದದ್ದು.

ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುವ ಪಾತ್ರಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಹಾಕಲಿ?

‘ಬಂದನು’, ‘ಬಂದಳು’ ಎರಡೂ ಹೊಂದದಿದ್ದರೆ ‘ಬಂದರು’ ಎಂಬ ಗೌರವವಾಚಕ ನಮ್ಮಲ್ಲಿ ಸಿದ್ಧವಾಗಿದೆ, ಓದುಗರಿಗೆ ಅದು ಅಸಹಜವೆನಿಸುವುದಿಲ್ಲ. ತೊಂದರೆಯಿರುವುದು ಸಲುಗೆಯಲ್ಲಿ: ಚಡ್ಡಿದೋಸ್ತಿಯನ್ನು ಯಾರೂ ‘ಅವರು’ ಎನ್ನುವುದಿಲ್ಲ. ಆಗ ಹೆಸರನ್ನೇ ಬಳಸಿ ವಾಕ್ಯವನ್ನು ತಿರುಗಿಸಿ ಬರೆಯಬೇಕಾಗುತ್ತದೆ, ಅಥವಾ ಕಥೆಯನ್ನು ಉತ್ತಮ ಪುರುಷಕ್ಕೆ ತರಬೇಕಾಗುತ್ತದೆ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಹಿಂದಿಯಲ್ಲಿರುವಂಥ ಲಿಂಗದ ಗುರುತು ಇಲ್ಲವಾದ್ದರಿಂದ, ಇಬ್ಬರೇ ಮಾತಾಡಿಕೊಳ್ಳುವ ಪತ್ರರೂಪದ ಕಾದಂಬರಿಯೊಂದು ಕೊನೆಯವರೆಗೂ ಯಾರ ಲಿಂಗವನ್ನೂ ಹೇಳದೆ ಕನ್ನಡದಲ್ಲಿ ನಡೆಯಬಲ್ಲದು. ‘ನೀವು’ ಎನ್ನುತ್ತಿದ್ದವರು ‘ನೀನು’ ಎಂಬುದಕ್ಕೆ ಜಾರುವ ಗಳಿಗೆಯನ್ನಂತೂ ಪ್ರೇಮ ಕಾದಂಬರಿ ಬರೆಯುವ ಯಾರೂ ವ್ಯರ್ಥ ಮಾಡಬಾರದು.

ಸಮಾಜ ಹೀಗಿರುವಾಗ ಸುಖಾಂತ್ಯ ಬರೆದರೆ ಅದು ಸುಳ್ಳಾಗುವುದಿಲ್ಲವೇ?

ಅಪ್ಪ-ಅಮ್ಮ ಕೊನೆಯ ಅಧ್ಯಾಯದಲ್ಲಿ ದಿಢೀರನೆ ಮನಸ್ಸು ಬದಲಾಯಿಸಿ ಆರತಿ ಎತ್ತಿದರೆ ಸುಳ್ಳಾಗುತ್ತದೆ. ಸುಖಾಂತ್ಯಕ್ಕೆ ಎಲ್ಲರ ಆಶೀರ್ವಾದ ಬೇಕಾಗಿಲ್ಲ. ಅಪ್ಪ ಮಾತು ಬಿಟ್ಟಿದ್ದಾನೆ, ಅಮ್ಮ ಗುಟ್ಟಾಗಿ ಉಪ್ಪಿನಕಾಯಿ ಕಳಿಸುತ್ತಾಳೆ, ಮನೆಯ ಮಾಲೀಕರಿಗೆ ನಿಜ ತಿಳಿದೂ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ: ಇಷ್ಟಿದ್ದರೂ ಇಬ್ಬರ ಬದುಕು ನಡೆಯುತ್ತದೆ, ಮತ್ತು ಹಾಗೆ ನಡೆಸುತ್ತಿರುವವರು ನಿಜವಾಗಿಯೂ ನಮ್ಮ ನಡುವೆ ಇದ್ದಾರೆ. ಅವರ ಬದುಕನ್ನು ಬಿಟ್ಟು ದುರಂತವನ್ನೇ ವಾಸ್ತವವೆಂದು ಆರಿಸಿಕೊಳ್ಳುವುದು ಲೇಖಕರ ಆಯ್ಕೆಯೇ ಹೊರತು ಸಮಾಜದ ಕಟ್ಟಪ್ಪಣೆಯಲ್ಲ.

ಕುಶಲತೆಯ ದೃಷ್ಟಿಯಿಂದ ಒಂದು ಮಾತು. ಎಲ್ಲ ಅಡೆತಡೆಗಳೂ ಹೊರಗಿನವೇ ಆದರೆ ಪ್ರೇಮಿಗಳಿಬ್ಬರೂ ಬರೀ ಪೆಟ್ಟು ತಿನ್ನುವವರಾಗಿ ಚಪ್ಪಟೆಯಾಗುತ್ತಾರೆ. ಒಬ್ಬನಿಗೆ ಲೋಕಕ್ಕೆಲ್ಲ ತಿಳಿಯಲಿ ಎಂಬ ಆತುರ, ಇನ್ನೊಬ್ಬನಿಗೆ ಊರಿನ ಭಯ. ಒಬ್ಬಳಿಗೆ ಮಗು ಬೇಕು, ಇನ್ನೊಬ್ಬಳಿಗೆ ಬೇಡ. ಇಂತಹ ಒಳಗಿನ ಭಿನ್ನತೆಗಳಿಂದಲೇ ಅವರು ದೂರವಾಗಿ, ಇಬ್ಬರೂ ಸ್ವಲ್ಪ ಬದಲಾಗಿ ಮರಳಿ ಬಂದಾಗ ಕೊನೆಯನ್ನು ಓದುಗರು ನಂಬುತ್ತಾರೆ.

ಇಂಗ್ಲಿಷಿನ ಒಂದು ಪುಸ್ತಕವನ್ನು ಕನ್ನಡಕ್ಕೆ ತರಬೇಕೆಂದಿದ್ದೇನೆ. ಹಳೆಯದು, ಅನುಮತಿ ಬೇಕೇ?

ಹಳೆಯದೆಂದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಉಳಿಯುತ್ತದೆ; 1995ರಲ್ಲಿ ತೀರಿಕೊಂಡ ಹೈಸ್ಮಿತ್ ಅವರ ‘ದ ಪ್ರೈಸ್ ಆಫ್ ಸಾಲ್ಟ್’ ಇನ್ನೂ ರಕ್ಷಣೆಯಲ್ಲಿದೆ. ಮರಣಾನಂತರ ಮೊದಲು ಪ್ರಕಟವಾದ ಪುಸ್ತಕಕ್ಕೆ ಆ 60 ವರ್ಷವನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕು, ಹಾಗಾಗಿ 1971ರ ‘ಮಾರಿಸ್’ 2031ರ ಕೊನೆಯವರೆಗೂ ರಕ್ಷಣೆಯಲ್ಲಿರುತ್ತದೆ. ಪುಸ್ತಕದ ಹಕ್ಕಿನ ಪುಟದಲ್ಲಿರುವ ಪ್ರಕಾಶಕರಿಗೋ ಲೇಖಕರ ಏಜೆಂಟರಿಗೋ ಕನ್ನಡದ ಹಕ್ಕನ್ನು ಕೇಳಿ ಪತ್ರ ಬರೆಯಿರಿ. ಎಷ್ಟು ಪ್ರತಿ ಅಚ್ಚು ಹಾಕುವ ಯೋಚನೆಯಿದೆ, ಬೆಲೆ ಎಷ್ಟಿರಬಹುದು, ಪ್ರಕಾಶಕರು ಯಾರು ಎಂಬುದನ್ನು ಮೊದಲ ಪತ್ರದಲ್ಲಿಯೇ ತಿಳಿಸಿ, ಅನುವಾದದ ಒಂದು ಅಧ್ಯಾಯವನ್ನು ಸಿದ್ಧವಾಗಿಟ್ಟುಕೊಳ್ಳಿ.